ಶಿವಾನ್ ಮೆಕೆನ್ನಾ: ಎರಡು ನುಡಿಗಳ ನಟಿ

ಐರ್ಲೆಂಡಿನ ನಟಿ ಶಿವಾನ್ ಮೆಕೆನ್ನಾ ಅವರ ಕಲಾಜೀವನವನ್ನು ಸಾಮಾನ್ಯವಾಗಿ ಒಂದು ಆರೋಹಣದ ಕಥೆಯಾಗಿ ನಿರೂಪಿಸಲಾಗುತ್ತದೆ. ಬೆಲ್‌ಫಾಸ್ಟ್‌ನಲ್ಲಿ ಜನಿಸಿ, ಪಶ್ಚಿಮ ತೀರದ ಗಾಲ್ವೇ ನಗರದಲ್ಲಿ ಬೆಳೆದ ಈಕೆ ಅಲ್ಲಿನ ಪುಟ್ಟ ಐರಿಷ್ ರಂಗಮಂದಿರದಿಂದ ಡಬ್ಲಿನ್‌ಗೆ, ಅಲ್ಲಿಂದ ಲಂಡನ್‌ಗೆ, ಮುಂದೆ ನ್ಯೂಯಾರ್ಕಿಗೆ, ಕೊನೆಗೆ ಚಲನಚಿತ್ರ ಜಗತ್ತಿಗೆ ಏರಿದರೆಂಬುದು ಈ ನಿರೂಪಣೆಯ ಕ್ರಮ. ಘಟನೆಗಳ ದೃಷ್ಟಿಯಿಂದ ಇದರಲ್ಲಿ ತಪ್ಪೇನಿಲ್ಲ. ಆದರೆ ಮೊದಲ ಮೆಟ್ಟಿಲನ್ನು ಬಿಟ್ಟುಹೋಗಲೆಂದೇ ಇರುವ ಮೆಟ್ಟಿಲೆಂದು ಎಣಿಸುವುದು ಇದರ ದೋಷ. ಆ ಮೊದಲ ಮೆಟ್ಟಿಲೇ ಈಕೆಯ ಕಲೆಯ ಅಡಿಪಾಯವೆಂದೂ, ಅದನ್ನು ಮರೆತರೆ ಮುಂದಿನ ಸಾಧನೆಯ ಸ್ವರೂಪವೇ ತಿಳಿಯದೆಂದೂ ನಾವು ಇಲ್ಲಿ ವಾದಿಸಬಯಸುತ್ತೇವೆ.

ಗಾಲ್ವೇಯ 'ಆನ್ ತೈವ್ಯಾರ್ಕ್' ರಂಗಮಂದಿರ 1928ರಲ್ಲಿ ಐರಿಷ್ ಭಾಷೆಯ ನಾಟಕಗಳಿಗಾಗಿಯೇ ಸ್ಥಾಪಿತವಾದುದು. ಮೆಕೆನ್ನಾ ಅವರ ತಂದೆ ಗಾಲ್ವೇಯ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. ಮನೆಯ ಮಾತು ಐರಿಷ್. 1940ರ ದಶಕದ ಆರಂಭದಲ್ಲಿ ಈಕೆ ಆ ರಂಗವನ್ನು ಪ್ರವೇಶಿಸಿದಾಗ, ದೀರ್ಘ ರಂಗಪರಂಪರೆಯ ಬೆಂಬಲ ಆ ನುಡಿಗೆ ಇರಲಿಲ್ಲ. ಇಂಗ್ಲಿಷ್ ನಟನಿಗೆ ದೊರೆಯ ಮಾತು ಹೇಗಿರಬೇಕೆಂಬುದು ಮುನ್ನೂರು ವರ್ಷಗಳ ರೂಢಿಯಿಂದ ತಿಳಿದಿತ್ತು. ಐರಿಷ್ ನಟಿಗೋ ಹಳ್ಳಿಯ ಆಡುನುಡಿಯಲ್ಲೇ ಆ ಗಾಂಭೀರ್ಯವನ್ನು ಕಂಡುಕೊಳ್ಳಬೇಕಾದ ಅನಿವಾರ್ಯತೆ. ನಮ್ಮ ಪ್ರಾಚೀನರ ಪರಿಭಾಷೆಯಲ್ಲಿ ಹೇಳುವುದಾದರೆ, ದೇಸಿಯೊಳಗಿಂದಲೇ ಮಾರ್ಗವನ್ನು ಕಟ್ಟುವ ಕೆಲಸವದು. ಆಂಗಿಕಕ್ಕಿಂತ ವಾಚಿಕಾಭಿನಯ ಈಕೆಯಲ್ಲಿ ಪ್ರಧಾನವಾದುದಕ್ಕೆ ಮೂಲ ಇಲ್ಲಿದೆ.

ಇದಕ್ಕೆ ಬಲವಾದ ಸಾಕ್ಷ್ಯ ಬರ್ನಾರ್ಡ್ ಷಾ ಅವರ 'ಸೇಂಟ್ ಜೋನ್'. ಈ ನಾಟಕವನ್ನು ಮೆಕೆನ್ನಾ ತಾವೇ ಐರಿಷ್‌ಗೆ ಅನುವಾದಿಸಿ, ಗಾಲ್ವೇಯಲ್ಲಿ ತಾವೇ ನಾಯಿಕೆಯಾಗಿ ಅಭಿನಯಿಸಿದರು. 'ಶಿವಾನ್' ಎಂಬುದು 'ಜೋನ್' ಎಂಬ ಹೆಸರಿನ ಐರಿಷ್ ರೂಪವೇ ಆದುದರಿಂದ, ಅನುವಾದದ ಶೀರ್ಷಿಕೆಯಲ್ಲಿ ನಟಿಯ ಹೆಸರೇ ಬಂದು ಕುಳಿತಿತು. ಇದು ಆಕಸ್ಮಿಕ, ಆದರೆ ನಾಟಕದೊಳಗಿನ ಒಂದು ಪ್ರಸಂಗ ಆಕಸ್ಮಿಕವಲ್ಲ. ದೇವರು ಆಂಗ್ಲರಿಗೆ ಅವರದೇ ನಾಡನ್ನೂ ಅವರದೇ ನುಡಿಯನ್ನೂ ಕೊಟ್ಟಿರುವಾಗ, ಅವರು ಪರರ ನಾಡಿಗೆ ಬಂದು ಪರರ ನುಡಿಯನ್ನಾಡಲೆತ್ನಿಸುವುದು ದೈವೇಚ್ಛೆಯಲ್ಲವೆಂದು ಜೋನ್ ಮೊದಲ ದೃಶ್ಯದಲ್ಲೇ ವಾದಿಸುತ್ತಾಳೆ. ಫ್ರಾನ್ಸಿನ ರೈತಕನ್ಯೆಯ ಬಾಯಲ್ಲಿ ಈ ಮಾತನ್ನಿಟ್ಟವರು ಇಂಗ್ಲಿಷಿನಲ್ಲಿ ಬರೆದ ಐರ್ಲೆಂಡಿಗರು. ಅದೇ ಮಾತು ಐರಿಷ್‌ನಲ್ಲಿ, ಗಾಲ್ವೇಯ ಪ್ರೇಕ್ಷಕರೆದುರು ನುಡಿಯಲ್ಪಟ್ಟಾಗ ಇತಿಹಾಸದ ಅರ್ಥವನ್ನು ಪಡೆಯುತ್ತದೆ. ಇಲ್ಲಿ ಅನುವಾದವು ಮೂಲದ ಪ್ರತಿಬಿಂಬವಾಗಿ ಉಳಿಯದೆ, ಮೂಲದಲ್ಲಿ ಅಡಗಿದ್ದುದನ್ನು ಹೊರತೆಗೆಯುತ್ತದೆ.

ಮುಂದೆ ಇದೇ ಪಾತ್ರವನ್ನು ಈಕೆ ಇಂಗ್ಲಿಷಿನಲ್ಲಿ 1953ರಲ್ಲಿ ಡಬ್ಲಿನ್‌ನಲ್ಲೂ, 1954ರಲ್ಲಿ ಲಂಡನ್‌ನಲ್ಲೂ, 1956ರಲ್ಲಿ ನ್ಯೂಯಾರ್ಕ್‌ನಲ್ಲೂ ನಿರ್ವಹಿಸಿ ಖ್ಯಾತರಾದರು. ಗಮನಾರ್ಹವೆಂದರೆ, ಪಶ್ಚಿಮ ಐರ್ಲೆಂಡಿನ ಉಚ್ಚಾರವನ್ನು ಆಕೆ ಬಿಟ್ಟುಕೊಡಲಿಲ್ಲ. ಮಠಾಧಿಪತಿಗಳೂ ಪ್ರಭುಗಳೂ ಅಧಿಕಾರದ ಭಾಷೆಯಲ್ಲಿ ವಿಚಾರಣೆ ನಡೆಸುವ ಸಭೆಯಲ್ಲಿ ನಾಡಾಡಿ ಉಚ್ಚಾರದ ಹುಡುಗಿಯೊಬ್ಬಳು ನಿಂತಿರುವುದೇ ನಾಟಕದ ಸಂಘರ್ಷವನ್ನು ಕಿವಿಗೆ ಮುಟ್ಟಿಸುತ್ತದೆ. ಇದು ಇಂಗ್ಲಿಷ್ ಪ್ರೇಕ್ಷಕರು ಎಂದಿನಿಂದಲೂ ಮೆಚ್ಚುವ ಐರಿಷ್ ಸೊಗಡಿನ ಪ್ರದರ್ಶನವಷ್ಟೇ ಅಲ್ಲವೇ ಎಂದು ಆಕ್ಷೇಪಿಸಬಹುದು. ಆ ಅಪಾಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸೊಗಡು ಅಲಂಕಾರವಾದಾಗ ಅದನ್ನು ಪಾತ್ರದಿಂದ ಕಳಚಿಡಬಹುದು. ಇಲ್ಲಿ ಅದನ್ನು ಕಳಚಿದರೆ ಪಾತ್ರವೇ ಕುಸಿಯುತ್ತದೆ.

ಚಲನಚಿತ್ರಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಅಷ್ಟು ಅನುಕೂಲಕರವಾಗಿಲ್ಲ. 'ಕಿಂಗ್ ಆಫ್ ಕಿಂಗ್ಸ್' (1961) ಚಿತ್ರದ ಮೇರಿ, 'ಡಾಕ್ಟರ್ ಜಿವಾಗೊ' (1965) ಚಿತ್ರದ ಅನ್ನಾ ಪಾತ್ರಗಳು ಆಕೆಯ ಮುಖವನ್ನು ಬಳಸಿಕೊಂಡವು. ದೀರ್ಘ ಉಸಿರಿನ ಮಾತಿಗೆ ಅಲ್ಲಿ ಅವಕಾಶವಿರಲಿಲ್ಲ. ಜೆ.ಎಂ. ಸಿಂಜ್ ಅವರ 'ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್' 1962ರಲ್ಲಿ ಚಿತ್ರವಾದಾಗ ಮಾತಿಗೆ ಅವಕಾಶವಿತ್ತು. ಐರಿಷ್ ವಾಕ್ಯರಚನೆಯ ಮೇಲೆ ಕಟ್ಟಿದ ಸಿಂಜ್‌ನ ಇಂಗ್ಲಿಷ್ ಈಕೆಗೆ ಸಹಜವೇ ಆಗಿತ್ತು. ಆದರೆ ಇಪ್ಪತ್ತರ ಆಸುಪಾಸಿನ ಪೆಗೀನ್ ಪಾತ್ರವನ್ನು ನಲವತ್ತರ ಹೊಸ್ತಿಲಲ್ಲಿ ನಿರ್ವಹಿಸಿದಾಗ, ರಂಗವು ಕ್ಷಮಿಸಬಹುದಾದ ವಯಸ್ಸನ್ನು ಕ್ಯಾಮೆರಾ ಕ್ಷಮಿಸಲಿಲ್ಲ. ಇದಕ್ಕೆ ಪ್ರತಿಯಾಗಿ ಜಾಯ್ಸ್‌ನ 'ಯುಲಿಸಿಸ್' ಕಾದಂಬರಿಯ ಮಾಲಿ ಬ್ಲೂಮ್ ಸ್ವಗತವನ್ನು ಆಕೆ ಧ್ವನಿಮುದ್ರಿಸಿದ್ದನ್ನು ಕೇಳಬೇಕು. ಮುಖವೇ ಇಲ್ಲದ ಅಲ್ಲಿ ನಟಿ ಪೂರ್ಣವಾಗಿದ್ದಾಳೆ.

1985ರಲ್ಲಿ ಟಾಮ್ ಮರ್ಫಿ ಅವರ 'ಬ್ಯಾಲಿಗನ್‌ಗಾರ್ಯ' ನಾಟಕಕ್ಕಾಗಿ ಮೆಕೆನ್ನಾ ಗಾಲ್ವೇಗೆ ಮರಳಿದರು. ಗ್ಯಾರಿ ಹೈನ್ಸ್ ನಿರ್ದೇಶನದಲ್ಲಿ ಡ್ರೂಯಿಡ್ ತಂಡ ಅದನ್ನು ಪ್ರಯೋಗಿಸಿತು. 'ನಗುವಿಲ್ಲದ ಊರು' ಎಂದು ಶೀರ್ಷಿಕೆಯ ಅರ್ಥ. ಹಾಸಿಗೆ ಹಿಡಿದ, ಅರಿವು ಮಾಸಿದ ಮೊಮ್ಮೊ ಎಂಬ ಅಜ್ಜಿ, ಊರಿಗೆ ಆ ಹೆಸರು ಬಂದ ಕಥೆಯನ್ನು ರಾತ್ರಿ ರಾತ್ರಿ ಹೇಳುತ್ತಾಳೆ, ಎಂದೂ ಮುಗಿಸುವುದಿಲ್ಲ. ನಗೆಯ ಪಂದ್ಯದ ಆ ಕಥೆಯ ಕೊನೆಯಲ್ಲಿ ಅವಳ ಮನೆಯದೇ ಸಾವಿದೆ. ಮೊಮ್ಮಗಳು ಮೇರಿ ಒತ್ತಾಯಿಸಿ ಕಥೆಯನ್ನು ಮುಗಿಸುವಂತೆ ಮಾಡಿದಾಗಲೇ ಮೂವರು ಹೆಂಗಸರಿಗೆ ಬಿಡುಗಡೆ. ನಾಟಕದ ಭಾರವೆಲ್ಲ ಒಂದು ಕಂಠದ ಮೇಲೆ ನಿಂತಿದೆ. ನಾಲ್ಕು ದಶಕಗಳ ಹಿಂದೆ ಅದೇ ಊರಿನ ರಂಗದಲ್ಲಿ ಹದಗೊಂಡ ಕಂಠಕ್ಕೆ ತಕ್ಕ ಪಾತ್ರವದು. ಮರುವರ್ಷ, 1986ರ ನವೆಂಬರಿನಲ್ಲಿ, ಮೆಕೆನ್ನಾ ನಿಧನರಾದರು.

ಇಷ್ಟಾದರೂ ಒಂದು ಕಹಿಸತ್ಯವನ್ನು ಮರೆಮಾಚಲಾಗದು. ಈ ಪುನರಾಗಮನ ಊರಿಗೆ ಆದುದು, ನುಡಿಗಲ್ಲ. ಮೊಮ್ಮೊಳ ಮಾತು ಇಂಗ್ಲಿಷೇ. ಐರಿಷ್ ಅದರಲ್ಲಿ ಚೂರುಚೂರಾಗಿ ತೇಲಿಬರುತ್ತದೆ, ನೆನಪು ಕಳೆದುಕೊಂಡವರ ಬಾಯಲ್ಲಿ ಹಳೆಯ ಹೆಸರುಗಳು ಬರುವಂತೆ. ಸಾಂತ್ ಜೋನಳ ವಾದವನ್ನು ತಾಯ್ನುಡಿಯಲ್ಲಿ ಇಡಿಯಾಗಿ ನುಡಿದಿದ್ದ ನಟಿ, ಆ ನುಡಿಯ ಅವಶೇಷಗಳನ್ನು ನುಡಿಯುತ್ತ ರಂಗಜೀವನದ ಕೊನೆಯನ್ನು ತಲುಪಿದರು. ಇದನ್ನು ಸೋಲೆಂದು ಕರೆಯಲು ನಾವು ಸಿದ್ಧರಿಲ್ಲ. ಗೆಲುವೆಂದು ಸಂಭ್ರಮಿಸುವುದೂ ಪ್ರಾಮಾಣಿಕವಾಗದು. ನಟಿಯೊಬ್ಬಳ ಪ್ರತಿಭೆ ನುಡಿಯೊಂದರ ಘನತೆಯನ್ನು ಕಾಣಿಸಬಲ್ಲದು. ಅದನ್ನಾಡುವವರ ಸಂಖ್ಯೆಯನ್ನು ಹೆಚ್ಚಿಸಲಾರದು. ಆ ಹೊಣೆ ಮನೆಯದು, ಶಾಲೆಯದು, ಪ್ರೇಕ್ಷಕರದು. ಕನ್ನಡನಾಡಿನ ಹೊರಗಿದ್ದು ಕನ್ನಡವನ್ನು ಬೋಧಿಸುವ ನಮಗೆ ಈ ಕಲಾಜೀವನ ಮುಖ್ಯವೆನಿಸುವುದು ಈ ಭೇದವನ್ನು ಅದು ಸ್ಪಷ್ಟವಾಗಿ ಕಾಣಿಸುವುದರಿಂದಲೇ.