ಕಿವಿಗೆ ಕಾಸಿನ ಲೆಕ್ಕ ಬರುವುದಿಲ್ಲ

ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತನ್ನು ನಾವು ಯಾವ ಸರಕಿಗೆ ಬೇಕಾದರೂ ಹೊಂದಿಸಿಬಿಡುತ್ತೇವೆ. ಸಾವಿರ, ಸಾವಿರದೈನೂರು ರೂಪಾಯಿಯ ಇಯರ್‌ಫೋನ್ ಕೊಂಡವರಿಗೆ ಗೆಳೆಯರು ಹೇಳುವ ಸಮಾಧಾನವೂ ಅದೇ: ‘ಆ ದುಡ್ಡಿಗೆ ಇಷ್ಟು ಕೇಳಿಸಿದ್ದೇ ಹೆಚ್ಚು.’ ವಿಮರ್ಶೆ ಬರೆಯುವವರೂ ‘ಈ ಬೆಲೆಗೆ ಪರವಾಗಿಲ್ಲ’ ಎಂಬ ಸಾಲಿನಲ್ಲಿ ಮಾತು ಮುಗಿಸುತ್ತಾರೆ. ಒಳ್ಳೆಯ ನಾದ ಬೇಕೆಂದರೆ ಹತ್ತು ಸಾವಿರ ಎಣಿಸಬೇಕು, ಅದಕ್ಕಿಂತ ಕೆಳಗಿನವೆಲ್ಲ ಒಂದೇ ಎಂಬುದು ಈ ಮಾತುಗಳ ಹಿಂದಿರುವ ನಂಬಿಕೆ.

ಕಿವಿಯೊಳಗೆ ಕೂರುವ ತಂತಿಯ ಇಯರ್‌ಫೋನುಗಳ ವಿಷಯದಲ್ಲಿ ಈ ನಂಬಿಕೆ ತಪ್ಪು. ಬೆಲೆ ನೋಡಿ ನಾದದ ಗುಣ ಊಹಿಸಲಾಗದು. ಎರಡು ಸಾವಿರದೊಳಗಿನ ಇಯರ್‌ಫೋನುಗಳೆಲ್ಲ ಒಂದೇ ಅಲ್ಲ. ಅವುಗಳ ನಡುವಿನ ಅಂತರ ಎಷ್ಟೋ ಸಲ ಅಗ್ಗದ್ದಕ್ಕೂ ದುಬಾರಿಯದಕ್ಕೂ ಇರುವ ಅಂತರಕ್ಕಿಂತ ದೊಡ್ಡದು. ಅಗ್ಗದ್ದೊಂದು ಕೆಟ್ಟದಾಗಿ ಕೇಳಿಸಿದರೆ, ಬಹುಪಾಲು ಸಂದರ್ಭಗಳಲ್ಲಿ ಅದು ದುಡ್ಡಿನ ಕೊರತೆಯಿಂದಲ್ಲ, ಹಾಗೆ ಕೇಳಿಸಲಿ ಎಂದು ತಯಾರಕರು ತೀರ್ಮಾನಿಸಿದ್ದರಿಂದ.

ಇದು ನನ್ನೊಬ್ಬನ ಅಭಿರುಚಿಯ ಮಾತಲ್ಲ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯೊಡನೆ ಇಟ್ಟು ನೋಡಿ, 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಅಳೆದದ್ದು ಫ್ರೀಕ್ವೆನ್ಸಿ ರೆಸ್ಪಾನ್ಸ್, ಅಂದರೆ ಮಂದ್ರದಿಂದ ತಾರದವರೆಗೆ ಯಾವ ಸ್ವರ ಎಷ್ಟು ಜೋರಾಗಿ ಹೊರಬರುತ್ತದೆ ಎಂಬ ರೇಖೆ. ಬೆಲೆಗೂ ಆ ರೇಖೆಗೂ ಸಂಬಂಧವೇ ಇಲ್ಲ ಎಂಬುದು ಅವರಿಗೆ ಸಿಕ್ಕ ಉತ್ತರ.

ಯಂತ್ರದ ಅಳತೆಯೇ ಬೇರೆ, ಕಿವಿಯ ತೀರ್ಪೇ ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೂ ಉತ್ತರವಿದೆ. ಹಾರ್ಮನ್ ಕಂಪನಿಯ ಸೀನ್ ಆಲಿವ್ ಮತ್ತು ಸಂಗಡಿಗರು ಅದೇ ವರ್ಷ 30 ಮಾದರಿಯ ಇನ್-ಇಯರ್‌ಗಳ ನಾದವನ್ನು 71 ಕೇಳುಗರ ಮುಂದಿಟ್ಟರು. ಒಂದೇ ಉತ್ತಮ ಇಯರ್‌ಫೋನಿನಲ್ಲಿ ಮೂವತ್ತರ ರೇಖೆಗಳನ್ನೂ ಒಂದೊಂದಾಗಿ ಅನುಕರಿಸಿ ಕೇಳಿಸಿದ್ದರಿಂದ ಕೇಳುಗರಿಗೆ ಬ್ರ್ಯಾಂಡ್ ಕಾಣಲಿಲ್ಲ, ಬೆಲೆ ಕಾಣಲಿಲ್ಲ, ಹೊರಮೈಯ ಹೊಳಪೂ ಕಾಣಲಿಲ್ಲ. ಅವರು ಹೆಚ್ಚು ಅಂಕ ಕೊಟ್ಟದ್ದು ಸಮತೋಲದ ರೇಖೆ ಇದ್ದ ನಾದಕ್ಕೆ. ಯಾರಿಗೆ ಯಾವುದು ಹಿಡಿಸೀತು ಎಂಬುದನ್ನು ಆ ರೇಖೆಯೊಂದರಿಂದಲೇ ಬಹುಮಟ್ಟಿಗೆ ಮುಂಗಾಣಬಹುದೆಂದೂ ತಿಳಿಯಿತು. ಕೇಳುಗರ ಮನಸ್ಸನ್ನು ಗೆಲ್ಲುವುದು ರೇಖೆ, ರೇಖೆಗೂ ಬೆಲೆಗೂ ಸಂಬಂಧವಿಲ್ಲ ಎಂದಾದ ಮೇಲೆ ಗಾದೆಯ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಹೀಗೇಕೆ ಎಂಬುದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಕೋಣೆಯಲ್ಲಿಟ್ಟ ಸ್ಪೀಕರ್ ಇಡೀ ಕೋಣೆಯ ಗಾಳಿಯನ್ನು ಅಲ್ಲಾಡಿಸಬೇಕು. ಅದಕ್ಕೆ ದೊಡ್ಡ ಕೋನ್, ಭಾರಿ ಅಯಸ್ಕಾಂತ, ಗಟ್ಟಿ ಪೆಟ್ಟಿಗೆ ಬೇಕು, ಅಲ್ಲಿ ದುಡ್ಡು ಕೆಲಸ ಮಾಡುತ್ತದೆ. ಇನ್-ಇಯರ್ ಅಲ್ಲಾಡಿಸಬೇಕಾದದ್ದು ಕಿವಿಯ ನಾಳದಲ್ಲಿ ಸಿಕ್ಕಿಕೊಂಡ ಒಂದೆರಡು ಘನ ಸೆಂಟಿಮೀಟರ್ ಗಾಳಿಯನ್ನು ಮಾತ್ರ. ಹತ್ತು ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪೊರೆ, ಒಂದು ತಂತಿಯ ಸುರುಳಿ, ಒಂದು ಪುಟ್ಟ ಅಯಸ್ಕಾಂತ ಇದ್ದರೆ ತೀರಾ ತಗ್ಗಿನ ಸ್ವರವೂ ಸಲೀಸಾಗಿ ಹೊರಡುತ್ತದೆ. ಆ ನಾದವನ್ನು ತಿದ್ದುವ ಸಲಕರಣೆಗಳು ಗಾಳಿಯಾಡುವ ಸಣ್ಣ ರಂಧ್ರ, ಬಾಯಿಯ ಜಾಲರಿ, ಒಳಗಿನ ಕಾಗದ ಮತ್ತು ಫೋಮ್. ಇವಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಕಷ್ಟವಿರುವುದು ಎತ್ತ ಗುರಿ ಇಡಬೇಕು ಎಂದು ತಿಳಿಯುವುದರಲ್ಲಿ. ತೆರೆದ ಕಿವಿಯ ನಾಳ 3 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿಯೇ ಹಿಗ್ಗಿಸುತ್ತದೆ. ಇಯರ್‌ಫೋನ್ ತುರುಕಿ ನಾಳವನ್ನು ಮುಚ್ಚಿದೊಡನೆ ಆ ಸಹಜ ಏರಿಕೆ ಕೆಡುತ್ತದೆ, ಅದನ್ನು ತಯಾರಕರೇ ಮರಳಿ ತುಂಬಿಕೊಡಬೇಕು. ತುಂಬದಿದ್ದರೆ ಹಾಡುಗಾರರು ಪರದೆಯ ಹಿಂದೆ ನಿಂತಂತೆ ಕೇಳಿಸುತ್ತದೆ, ಅತಿಯಾಗಿ ತುಂಬಿದರೆ ದನಿ ಕಿರುಚುತ್ತದೆ. ಎಷ್ಟು ಬೇಕೆಂಬ ತಿಳಿವಳಿಕೆ ಈಗ ಪ್ರಕಟಿತ ಸಂಶೋಧನೆಗಳಲ್ಲಿದೆ. ಅದನ್ನು ಓದಿ ಅಳವಡಿಸಿಕೊಂಡ ಕಂಪನಿಗೆ ಪ್ರತಿ ಇಯರ್‌ಫೋನಿಗೆ ಹೆಚ್ಚುವರಿ ಖರ್ಚು ಬೀಳುವುದಿಲ್ಲ.

ಅಳವಡಿಸಿಕೊಂಡವರಿದ್ದಾರೆ. 2022ರಲ್ಲಿ ಚೀನಾದ ಮೂನ್‌ಡ್ರಾಪ್ ‘ಚು’ವನ್ನೂ ಸೆವೆನ್‌ಹರ್ಟ್ಸ್ ‘ಜೀರೊ’ವನ್ನೂ ತಂದವು. ಎರಡಕ್ಕೂ ಸುಮಾರು 20 ಡಾಲರ್. ಎರಡೂ ಸಂಶೋಧನೆಯ ರೇಖೆಯನ್ನು ಹತ್ತಿರದಿಂದ ಅನುಸರಿಸಿದವು. ಅವು ಬಂದ ಮೇಲೆ ‘ಅಗ್ಗದ್ದರಲ್ಲಿ ಇಷ್ಟೇ ಸಾಧ್ಯ’ ಎಂಬ ಮಾತಿಗೆ ಆಧಾರ ಉಳಿಯಲಿಲ್ಲ. ಅದಕ್ಕೂ ಎಷ್ಟೋ ಮೊದಲು ಸೋನಿ ತನ್ನ ಪುಟ್ಟ ಬ್ಲೂಟೂತ್ ರಿಸೀವರ್‌ಗಳ ಜೊತೆ ಪೆಟ್ಟಿಗೆಯಲ್ಲೇ ಇಟ್ಟುಕೊಡುತ್ತಿದ್ದ ಎಂಎಚ್755 ಎಂಬ ಸಾದಾ ಇಯರ್‌ಫೋನ್ ಹಾರ್ಮನ್ ಸಂಶೋಧಕರ ಸಮತೋಲದ ರೇಖೆಗೆ ಬಹಳ ಹತ್ತಿರವಿತ್ತು. ಬಿಟ್ಟಿ ಬಂದ ವಸ್ತುವೆಂದು ಹಲವರು ಡ್ರಾಯರಿನಲ್ಲಿಟ್ಟು ಮರೆತದ್ದನ್ನು ನಾದದ ಆಸಕ್ತರು ಹುಡುಕಿ ಹುಡುಕಿ ಕೊಂಡರು.

ಹಾಗಿದ್ದರೆ ಅಂಗಡಿಯಲ್ಲಿ ಸಿಗುವ ಅಗ್ಗದ ಇಯರ್‌ಫೋನುಗಳಲ್ಲಿ ಬಹಳಷ್ಟು ಗುಂಯ್‌ಗುಡುವುದೇಕೆ? ಪೆಟ್ಟಿಗೆಯ ಮೇಲಿನ ಹೆಸರುಗಳೇ ಉತ್ತರ ಕೊಡುತ್ತವೆ. ಸೋನಿಗೆ ‘ಎಕ್ಸ್‌ಟ್ರಾ ಬಾಸ್’, ಜೆಬಿಎಲ್‌ಗೆ ‘ಪ್ಯೂರ್ ಬಾಸ್’, ನಮ್ಮ ದೇಶದ ಬೋಟ್‌ಗೆ ‘ಬಾಸ್‌ಹೆಡ್ಸ್’. ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿ ಕೊಳ್ಳುವವರಿಗೆ ಉಬ್ಬಿಸಿದ ಬಾಸ್ ಕೂಡಲೇ ಹಿಡಿಸುತ್ತದೆ. ಮನೆಯಲ್ಲಿ ಒಂದು ಗಂಟೆ ಕೇಳಿದಾಗ ಅದೇ ತಲೆ ತಿನ್ನುತ್ತದೆ.

ಬಾಸ್ ಉಬ್ಬಿದರೆ ಬಾಸ್ ಒಂದೇ ಹೆಚ್ಚಾಗುವುದಿಲ್ಲ. ಕೆಳಗಿನ ಸ್ವರ ಜೋರಾದಾಗ ಅದು ಮೇಲಿನ ಸ್ವರಗಳನ್ನು ಮುಚ್ಚಿಬಿಡುತ್ತದೆ, ಇದು ನಮ್ಮ ಒಳಗಿವಿಯ ಸ್ವಭಾವ. ಇದರ ಪೆಟ್ಟು ಹೆಚ್ಚು ಬೀಳುವುದು ನಾವು ಪ್ರೀತಿಸುವ ಸಂಗೀತದ ಮೇಲೆ. ಸಿ. ಅಶ್ವತ್ಥ್ ಅಥವಾ ಮೈಸೂರು ಅನಂತಸ್ವಾಮಿ ಹಾಡಿದ ಭಾವಗೀತೆಯಲ್ಲಿ ಕವಿತೆಯೇ ಪ್ರಾಣ. ಒತ್ತಕ್ಷರ, ಮಹಾಪ್ರಾಣ, ಸಾಲಿನ ಕೊನೆಗೆ ಸಡಿಲಾಗುವ ಉಸಿರು, ಎಲ್ಲವೂ ಕಿವಿಗೆ ಬೀಳಬೇಕು. ತಬಲದ ಡಗ್ಗಾ ಊದಿಕೊಂಡರೆ ಪದ ಮಸುಕಾಗುತ್ತದೆ. ಇನ್ನು ಕೆಲವು ತಯಾರಕರು ಮಸುಕನ್ನು ಸರಿಪಡಿಸಲು ಮೇಲಿನ ತುದಿಯನ್ನೂ ಎತ್ತುತ್ತಾರೆ. ಆಗ 5ರಿಂದ 8 ಕಿಲೋಹರ್ಟ್ಸ್ ನಡುವೆ ‘ಸ’, ‘ಶ’ಗಳು ಸೀಟಿಯಂತೆ ಚುಚ್ಚುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇಟ್ಟ ನೂಲೆಳೆ ಎಬ್ಬಿಸುವ ಉಪಸ್ವರಗಳ ಹರವು ಈ ಎರಡು ಉಬ್ಬುಗಳ ನಡುವೆ ಕಳೆದುಹೋಗುತ್ತದೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಹಳೆಯ ಧ್ವನಿಮುದ್ರಿಕೆಗಳಲ್ಲಂತೂ ಎತ್ತಲು ಬಾಸ್ ಇರುವುದೇ ಕಡಿಮೆ, ಎದ್ದು ಬರುವುದು ಗುಂಯ್ ಎನ್ನುವ ಗದ್ದಲ.

ಬಾಸ್ ಬೇಡವೆಂದು ನಾನು ಹೇಳುತ್ತಿಲ್ಲ. ಸಮತೋಲದ ರೇಖೆಯಲ್ಲೂ ಬಾಸ್ ಸ್ವಲ್ಪ ಎತ್ತರದಲ್ಲೇ ಇರುತ್ತದೆ. ಬಸ್ಸಿನ ಎಂಜಿನ್ ಸದ್ದಿನ ನಡುವೆ ಕೇಳುವವರಿಗೆ, ನೃತ್ಯಗೀತೆಗಳನ್ನೇ ಹೆಚ್ಚು ಕೇಳುವವರಿಗೆ ಇನ್ನಷ್ಟು ಬೇಕೆನಿಸುವುದು ಸಹಜ. ಫೋನಿನ ಈಕ್ವಲೈಜರ್‌ನಲ್ಲಿ ಅವರು ಅದನ್ನು ಏರಿಸಿಕೊಳ್ಳಬಹುದು. ಆದರೆ ಎಲ್ಲರ ಕಿವಿಗೂ ಒಂದೇ ಗುದ್ದನ್ನು ಕಟ್ಟಿಕೊಟ್ಟು, ಜನ ಕೇಳುವುದೇ ಅದನ್ನು ಎಂದು ಹೇಳುವುದು ನ್ಯಾಯವಲ್ಲ.

ಪೆಟ್ಟಿಗೆಯ ಮೇಲಿನ ಉಳಿದ ಹೇಳಿಕೆಗಳ ಕಥೆ ಚಿಕ್ಕದು. ಸದ್ದು ಹೊರಡಿಸುವ ಡ್ರೈವರ್ 13 ಮಿಲಿಮೀಟರ್ ಆದ ಮಾತ್ರಕ್ಕೆ 6 ಮಿಲಿಮೀಟರಿಗಿಂತ ಉತ್ತಮವಾಗಿ ನುಡಿಯಬೇಕೆಂದಿಲ್ಲ. ಜಪಾನಿನ ಆಡಿಯೊ ಸೊಸೈಟಿಯ ‘ಹೈ-ರೆಸ್’ ಗುರುತು 40 ಕಿಲೋಹರ್ಟ್ಸ್ ತನಕ ಸದ್ದು ಹೊರಡಬೇಕೆನ್ನುತ್ತದೆ. ಮನುಷ್ಯನ ಕಿವಿಯ ಮಿತಿ 20 ಕಿಲೋಹರ್ಟ್ಸ್, ವಯಸ್ಸಾದಂತೆ ಅದೂ ಇಳಿಯುತ್ತದೆ.

ನಮ್ಮ ಹೋಲಿಕೆಯ ರೀತಿಯೂ ಬದಲಾಗಬೇಕು. ಮೊದಲನೆಯದು ಟಿಪ್. ಪೆಟ್ಟಿಗೆಯಲ್ಲಿ ಮೂರು ಅಳತೆಯ ಸಿಲಿಕೋನ್ ಟಿಪ್‌ಗಳಿದ್ದರೂ ಹೆಚ್ಚಿನವರು ಮೊದಲೇ ಹಾಕಿಬಂದದ್ದನ್ನು ಬದಲಿಸುವುದಿಲ್ಲ. ಕಿವಿಗೂ ಟಿಪ್‌ಗೂ ನಡುವೆ ಸಣ್ಣ ಸಂದಿ ಉಳಿದರೂ ತಗ್ಗಿನ ಸ್ವರಗಳು ಸೋರಿಹೋಗಿ ನಾದ ತೆಳ್ಳಗಾಗುತ್ತದೆ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು. ಟಿಪ್ ಬದಲಿಸಿ ನೋಡದೆ ಕೊಟ್ಟ ತೀರ್ಪು ಇಯರ್‌ಫೋನಿಗೆ ಸಲ್ಲುವುದಿಲ್ಲ. ಎರಡನೆಯದು ವಾಲ್ಯೂಮ್. ಎರಡರಲ್ಲಿ ಒಂದು ಚೂರು ಜೋರಾಗಿದ್ದರೂ ನಮ್ಮ ಕಿವಿ ಅದನ್ನೇ ಉತ್ತಮವೆಂದು ಭಾವಿಸುತ್ತದೆ. ಆದ್ದರಿಂದ ಎರಡನ್ನೂ ಒಂದೇ ಜೋರಿಗೆ ತಂದ ಮೇಲೆಯೇ ಹೋಲಿಸಬೇಕು. ಮೂರನೆಯದು ಹಾಡು. ಅಂಗಡಿಯವರು ಹಾಕುವ ಹಾಡಿನ ಬದಲು ಪ್ರತಿ ಸಂಗತಿಯೂ ನಿಮಗೆ ಬಾಯಿಪಾಠವಿರುವ ಹಾಡನ್ನು ಕೇಳಿ. ಮೃದಂಗದ ಎಡಮುಖದ ಗುಮ್ಕಿ ಜಾರುವುದು ಕೇಳಬೇಕು, ಬಲಮುಖದ ಬೆರಳ ಪೆಟ್ಟು ಬಿಡಿಬಿಡಿಯಾಗಿ ಕೇಳಬೇಕು, ಹಾಡುಗಾರರ ದನಿ ಇವೆರಡರ ಮುಂದೆ ನಿಲ್ಲಬೇಕು.

ಹೆಚ್ಚು ದುಡ್ಡು ಕೊಟ್ಟರೆ ಏನೂ ಸಿಗುವುದಿಲ್ಲವೇ? ಸಿಗುತ್ತದೆ. ಗಟ್ಟಿ ಲೋಹದ ಮೈ, ಬಿಚ್ಚಿ ಬದಲಿಸಬಹುದಾದ ಕೇಬಲ್, ಎಡಬಲಗಳ ನಡುವೆ ಕರಾರುವಾಕ್ಕಾದ ಹೊಂದಾಣಿಕೆ, ವೈರ್‌ಲೆಸ್ ಆದರೆ ಬ್ಯಾಟರಿ, ಹೊರಗಿನ ಸದ್ದನ್ನು ಅಳಿಸುವ ಚಿಪ್, ಇವಕ್ಕೆಲ್ಲ ಖರ್ಚಿದೆ. ಅಗ್ಗದ್ದರಲ್ಲಿ ಒಂದು ಪೀಸಿನಿಂದ ಇನ್ನೊಂದಕ್ಕೆ ವ್ಯತ್ಯಾಸ ಬರುವ ಸಂಭವವೂ ಹೆಚ್ಚು. ಇವು ಬೇಕಾದವರು ಕೊಡಲಿ, ಆದರೆ ಅವನ್ನು ನಾದದ ಗುಣವೆಂದು ಕರೆಯುವುದು ಬೇಡ.

ಈ ವಾದ ರಸಿಕರ ಚರ್ಚೆಗಷ್ಟೇ ಸೀಮಿತವಲ್ಲ. ನಾಳವನ್ನು ಸರಿಯಾಗಿ ಮುಚ್ಚುವ, ಪದ ಸ್ಪಷ್ಟವಾಗಿ ಕೇಳಿಸುವ ಇಯರ್‌ಫೋನಿನಲ್ಲಿ ವಾಲ್ಯೂಮ್ ಏರಿಸುವ ಅಗತ್ಯ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಸುರಕ್ಷತೆಯ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೂ ಆ ಅವಧಿ ಅರ್ಧಕ್ಕಿಳಿಯುತ್ತದೆ. ಪಾಠವನ್ನೂ ಕೆಲಸವನ್ನೂ ಸಂಗೀತವನ್ನೂ ಕಿವಿಗೆ ಸಿಕ್ಕಿಸಿದ ತಂತಿಯಲ್ಲೇ ಕೇಳುವ ತಲೆಮಾರಿಗೆ ಒಳ್ಳೆಯ ನಾದವೆಂದರೆ ಕಿವಿಯ ಆರೋಗ್ಯವೂ ಹೌದು, ಅದು ವಿದ್ಯಾರ್ಥಿಯ ಕೈಗೆಟುಕುವ ಬೆಲೆಯಲ್ಲೇ ಸಿಗಬೇಕು.

ಕಂಪನಿಗಳಿಂದ ನಾವು ಕೇಳಬೇಕಾದದ್ದು ಒಂದೇ: ಅಳೆದ ರೇಖೆಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸಿ. ಮೂನ್‌ಡ್ರಾಪ್ ಹಾಗೆ ಮಾಡುತ್ತದೆ, ಉಳಿದವರಿಗೆ ಅಸಾಧ್ಯವೇನಲ್ಲ. ವಿಮರ್ಶೆ ಬರೆಯುವವರು ಯಾವ ಟಿಪ್ ಹಾಕಿದೆವು, ಯಾವ ಹಾಡು ಕೇಳಿದೆವು, ಜೋರು ಸರಿಹೊಂದಿಸಿದೆವೋ ಇಲ್ಲವೋ ಎಂದು ಮೊದಲು ತಿಳಿಸಲಿ. ‘ಈ ಬೆಲೆಗೆ ಪರವಾಗಿಲ್ಲ’ ಎಂಬುದು ವಿಮರ್ಶೆಯಲ್ಲ. ದನಿ ಸರಿಯಿದೆಯೇ ಇಲ್ಲವೇ, ಇಲ್ಲದಿದ್ದರೆ ಎಲ್ಲಿ ತಪ್ಪಿದೆ ಎಂದು ಹೇಳುವ ಧೈರ್ಯವನ್ನು ಐನೂರು ರೂಪಾಯಿಯ ಇಯರ್‌ಫೋನಿನ ಮುಂದೆಯೂ ಐವತ್ತು ಸಾವಿರದ್ದರ ಮುಂದೆಯೂ ಅವರು ಒಂದೇ ಸಮನೆ ತೋರಿಸಬೇಕು.