ಬಸ್ಸಿನ ಸೀಟಿನಲ್ಲಿ ಕೂರದ ಜಾತಿ

ಜಗಳಗಂಟ ಹುಡುಗ, ಗರ್ವದ ಹುಡುಗಿ. ಇಬ್ಬರನ್ನೂ ಒಂದೇ ದಾರಿಗೆ ಹಚ್ಚು, ಊರು ಮುಟ್ಟುವುದರೊಳಗೆ ಪ್ರೀತಿ ಹುಟ್ಟಿಸು. ಸಿನಿಮಾದವರಿಗೆ ಇದು ಕೈಕೊಡದ ಸೂತ್ರ. 1934ರಲ್ಲಿ ಅಮೆರಿಕದ ಫ್ರಾಂಕ್ ಕಾಪ್ರಾ ತೆಗೆದ 'ಇಟ್ ಹ್ಯಾಪನ್ಡ್ ಒನ್ ನೈಟ್'ಗೆ ಐದು ಆಸ್ಕರ್ ಬಂದವು. ಅದೇ ಕತೆ 1956ರಲ್ಲಿ 'ಚೋರಿ ಚೋರಿ', 1991ರಲ್ಲಿ 'ದಿಲ್ ಹೈ ಕೆ ಮಾನ್ತಾ ನಹೀ' ಆಗಿ ಹಿಂದಿಗೆ ಬಂತು. 2007ರಲ್ಲಿ ಗಣೇಶ್, ರೇಖಾ ಅಭಿನಯದ 'ಹುಡುಗಾಟ'ವಾಗಿ ಕನ್ನಡಕ್ಕೂ ಬಂತು. ಜನ ನಕ್ಕರು. ನಗಬಾರದು ಅಂತ ನಾವು ಹೇಳುವುದಿಲ್ಲ. ದುಡಿದು ದಣಿದವರಿಗೆ ನಗೆ ಬೇಕೇ ಬೇಕು.

ಆದರೆ ಗೆಳೆಯರೇ, ಈ ಇಬ್ಬರ ನಡುವಿನ ಅಂತರ ಎಂಥದ್ದು? ಅವಳು ಸಾಹುಕಾರನ ಮಗಳು, ಅವನು ಜೇಬು ಬರಿದಾದ ಪತ್ರಕರ್ತ. ಅಷ್ಟೇ. ಕಾಪ್ರಾನ ಚಿತ್ರದಲ್ಲಿ ಇಬ್ಬರೂ ತಂಗುವ ಕೋಣೆಯ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟು, ಅದನ್ನೇ ಗೋಡೆ ಅಂತಾರೆ. ಕೊನೆಗೆ ಆ ಗೋಡೆ ಬೀಳುತ್ತದೆ. ಬೀಳದೆ ಏನು, ಅದು ಕಂಬಳಿ! ಹುಡುಗಿಯ ಅಪ್ಪನೇ ಮದುವೆಯ ಹೊತ್ತಿಗೆ ಮಗಳನ್ನು ಓಡಿಸಿ ಕಳಿಸುತ್ತಾನೆ. ಆ ಬಸ್ಸು ಹಾದುಹೋಗುವ ದಕ್ಷಿಣದ ರಾಜ್ಯಗಳಲ್ಲಿ ಆಗ ಕರಿಯರು ಬಿಳಿಯರ ಪಕ್ಕ ಕೂರುವಂತಿರಲಿಲ್ಲ. ಆ ನಿಜವಾದ ಗೋಡೆಯ ತಂಟೆಗೆ ಕತೆ ಹೋಗಲೇ ಇಲ್ಲ.

ನಮ್ಮ ನಾಡಿನ ಗೋಡೆ ಜಾತಿಯದು. 1901ರ ಸುಮಾರಿಗೆ ಬಾಲಕ ಅಂಬೇಡ್ಕರ್ ಅಪ್ಪನನ್ನು ಕಾಣಲು ಹೊರಟು, ಅಣ್ಣನ ಜೊತೆ ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಮಹಾರರ ಮಕ್ಕಳು ಅಂತ ಗೊತ್ತಾದದ್ದೇ ತಡ, ಗಾಡಿಯವರು ಹಿಂದೆ ಸರಿದರು. ಕೊನೆಗೊಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಷರತ್ತು ಏನು? ಗಾಡಿ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತಾನೆ. ತನ್ನ ಗಾಡಿಯಲ್ಲಿ ತಾನೇ ಕೂರಲೊಲ್ಲದ ಮನುಷ್ಯ! ಹೊಂದಾಣಿಕೆಯಿಲ್ಲದ ಜೊತೆಪಯಣ ಅಂದರೆ ಇದು.

ಇವತ್ತು ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಬಸ್ಸನ್ನು ಮಂಚಿಕೇರಿಯಲ್ಲಿ ಹತ್ತಿ ನೋಡಿ. ಹವ್ಯಕರು, ಕುಣಬಿಗಳು, ಗೌಳಿಗರು, ಸಿದ್ದಿಗಳು ಮೈಗೆ ಮೈ ತಾಗಿಸಿ ಕೂರುತ್ತಾರೆ. ಟಿಕೆಟ್ಟಿಗೆ ಜಾತಿಯಿಲ್ಲ. ಆದರೆ ಆ ಸೀಟಿನಲ್ಲಿ ತೋಟದ ಯಜಮಾನರ ಮಗಳಿಗೂ ಆ ತೋಟದಲ್ಲಿ ದುಡಿಯುವ ಸಿದ್ದಿ ಹುಡುಗನಿಗೂ ಪ್ರೀತಿ ಹುಟ್ಟಿದರೆ? ಅಪ್ಪ ನಗುನಗುತ್ತ ಕಳಿಸಿಕೊಡುತ್ತಾನೇನು? 2011ರಲ್ಲಿ ಮದ್ದೂರು ತಾಲ್ಲೂಕಿನ ಆಬಲವಾಡಿಯಲ್ಲಿ ದಲಿತ ಹುಡುಗನನ್ನು ಪ್ರೀತಿಸಿದ ಹುಡುಗಿಯನ್ನು ಹೆತ್ತವರ ಮನೆಯೇ ಕೊಂದಿತು. ಮರಾಠಿಯ ನಾಗರಾಜ ಮಂಜುಳೆ 2016ರ 'ಸೈರಾಟ್'ನಲ್ಲಿ ಇಂಥದೇ ಜೋಡಿಯನ್ನು ಓಡಿಸಿದರು. ಅರ್ಧ ದಾರಿಯವರೆಗೆ ನಗೆ, ಕೊನೆಗೆ ರಕ್ತ. ಜಾತಿ ಬಂದು ಕೂತೊಡನೆ ಸೂತ್ರ ಮುರಿದುಬಿತ್ತು.

ಜಾತಿಯನ್ನು ಸೀಟಿನಿಂದ ಇಳಿಸಿದರೆ ಮಾತ್ರ ಈ ಕತೆ ನಗಿಸುತ್ತದೆ. ಹುಡುಗರು ಅದನ್ನು ನಂಬಿ ಬಸ್ಸು ಹತ್ತುತ್ತಾರೆ. ಇಳಿಯುವ ಕಡೆ ಮಚ್ಚು ಕಾದಿರುತ್ತದೆ. ಅಂತರ್ಜಾತಿ ವಿವಾಹವೇ ಜಾತಿಗೆ ನಿಜವಾದ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ ಬರೆದರು. ಆ ಮದ್ದನ್ನು ತೆರೆಯ ಮೇಲೆ ಕುಡಿಸುವ ಎದೆಗಾರಿಕೆ ನಮ್ಮ ನಗೆಚಿತ್ರಗಳಿಗಿಲ್ಲ.

ನಗೆಯನ್ನೂ ಉಳ್ಳವರಿಗೇ ಬಿಟ್ಟುಕೊಡಬೇಕೇ? ಮಂಚಿಕೇರಿಯ ಸಿದ್ದಿ ಕಲಾವಿದರು ರಂಗದ ಮೇಲೆ ನಿಂತು ಎಷ್ಟೋ ವರ್ಷಗಳಾದವು. ಅವರನ್ನು ಆ ಸೀಟಿನಲ್ಲಿ ಕೂರಿಸಿ, ಜಗಳವಾಡಿಸಿ, ನಗಿಸಿ, ಜೀವಂತವಾಗಿ ಊರು ಮುಟ್ಟಿಸುವ ಕತೆ ನಮಗೆ ಬೇಕು. ಅದನ್ನು ನಮ್ಮವರೇ ಬರೆಯಬೇಕು.