ಸೆರೆಮನೆಯ ಕಾಳು, ತರಗತಿಯ ಪ್ರಶ್ನೆ

ಕನಕದಾಸರ ‘ರಾಮಧಾನ್ಯ ಚರಿತೆ’ಯ ಕಥೆ ಶಾಲೆ ಕಲಿತವರಿಗೆಲ್ಲ ಗೊತ್ತು. ಭತ್ತ ಮತ್ತು ರಾಗಿ ‘ನಾನು ಹೆಚ್ಚು, ತಾನು ಹೆಚ್ಚು’ ಎಂದು ಜಗಳಕ್ಕೆ ನಿಲ್ಲುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಪಾಠ ಮುಗಿದ ಮೇಲೆ ನಾವು ಕೇಳುವ ಪ್ರಶ್ನೆಗಳೂ ಗೊತ್ತಿರುವಂಥವೇ: ಗೆದ್ದವರು ಯಾರು? ಇದರ ನೀತಿ ಏನು? ಮಗು ಉತ್ತರವನ್ನು ಬಾಯಿಪಾಠ ಮಾಡಿ ಬರೆಯುತ್ತದೆ. ಪರೀಕ್ಷೆಯಾದ ಮೇಲೆ ಅದು ಬೇರೆಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಹಚ್ಚಿ ನೋಡುವುದೇ ನಿಜವಾದ ಕಲಿಕೆಯಾದರೆ, ಈ ಕಾವ್ಯ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕನಕದಾಸರು ಹುಟ್ಟಿದ ಬಾಡ ಗ್ರಾಮವಿರುವ ಶಿಗ್ಗಾವಿಯ ಸುತ್ತ ದಿನದ ಊಟ ರಾಗಿಯಲ್ಲ, ಜೋಳದ ರೊಟ್ಟಿ. ಹಾಗಾದರೆ ರಾಗಿಯ ಜಾಗದಲ್ಲಿ ಸವಣೂರಿನ ಜೋಳವನ್ನೋ ಹಿರೇಕೆರೂರಿನ ಗೋವಿನಜೋಳವನ್ನೋ ಇಟ್ಟರೆ ವಾದ ನಿಲ್ಲುತ್ತದೆಯೇ? ಬಡವರ ಹೊಟ್ಟೆ ತುಂಬಿಸುವವನು ನಾನು ಎಂಬ ರಾಗಿಯ ಮಾತನ್ನು ಜೋಳವೂ ಆಡಬಲ್ಲದು. ಬಾಳಿಕೆಯ ಮಾತು ಬಂದರೆ ಹಗೇವಿನಲ್ಲಿ ಕಾಳು ಕೂಡಿಟ್ಟ ಮನೆಯ ಅಜ್ಜಿಯನ್ನೇ ಕೇಳಬೇಕು. ಭತ್ತ ಬೆಳೆಯುವ ಹಾನಗಲ್ಲಿನ ಹುಡುಗಿಯೊಬ್ಬಳು ತಕರಾರು ತೆಗೆಯಲೂಬಹುದು: “ಸಿಪ್ಪೆ ಸಹಿತ ಇಟ್ಟ ಭತ್ತ ಅಷ್ಟು ಬೇಗ ಕೆಡೂದಿಲ್ಲರೀ ಸರ್.” ಆ ತಕರಾರಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಅವಳು ತೀರ್ಪನ್ನಲ್ಲ, ತೀರ್ಪಿಗೆ ಬಳಸಿದ ಅಳತೆಗೋಲನ್ನೇ ಪ್ರಶ್ನಿಸುತ್ತಿದ್ದಾಳೆ. ವಿಜ್ಞಾನದ ಪ್ರಯೋಗಕ್ಕೂ ಪಂಚಾಯಿತಿಯ ಜಗಳಕ್ಕೂ ಬೇಕಾಗುವ ಬುದ್ಧಿ ಅದೇ.

ಕಾಳಿನಿಂದ ಮನುಷ್ಯನ ಕಡೆಗೆ ಹೊರಳುವಾಗ ಇನ್ನೂ ಎಚ್ಚರ ಬೇಕು. ಭತ್ತ ಮೇಲಿನವರು, ರಾಗಿ ಕೆಳಗಿನವರು ಎಂದು ಓದುವುದು ರೂಢಿ. ನಾನೂ ಹಾಗೆಯೇ ಓದಿ ಸಂತೋಷಪಟ್ಟವನು. ಈಗ ಒಂದು ಮುಳ್ಳು ಚುಚ್ಚುತ್ತದೆ. ಕಾಳಿನ ಗುಣ ತಿಳಿಯಲು ಅದನ್ನು ಆರು ತಿಂಗಳು ಕೂಡಿಡಬಹುದು. ಮನುಷ್ಯ ತನ್ನ ಘನತೆ ತೋರಿಸಲು ಸೆರೆಮನೆಯಲ್ಲಿ ಬಾಡದೆ ಉಳಿಯಬೇಕೇ? ಕಷ್ಟ ತಾಳಿಕೊಂಡವನಿಗಷ್ಟೇ ಮರ್ಯಾದೆ ಎಂದರೆ, ತಾಳಲಾರದೆ ಕುಸಿದವನ ಗತಿ ಏನು?

ಇದರಿಂದ ಕಾವ್ಯ ಸಣ್ಣದಾಗುವುದಿಲ್ಲ. ಕೀಳೆಂದು ಜರೆಸಿಕೊಂಡ ರಾಗಿಗೆ ಸಭೆಯಲ್ಲಿ ಎದುರುತ್ತರ ಕೊಡುವ ಬಾಯಿ ಕೊಟ್ಟದ್ದೇ ಕನಕದಾಸರ ದೊಡ್ಡತನ. ಅದೇ ಬಾಯನ್ನು ತರಗತಿಯ ಕೊನೆಯ ಬೆಂಚಿಗೂ ಕೊಟ್ಟರೆ, ಪಾಠ ಪುಸ್ತಕದಾಚೆಗೂ ನಡೆದೀತು.